ಹಿ ಯಾರು? ಶಿ ಯಾರು?



ಕನ್ನಡ ಓದಲು ಕಲಿತಿರಿ. ಈಗ ಸ್ವಲ್ಪ ಇಂಗ್ಲಿಷ್ ನೋಡೋಣ. ಹೆದರಬೇಡಿ. ಇದಕ್ಕಿಂತ ಕಷ್ಟದ ವ್ಯಾಕರಣ ನಿಮ್ಮ ನಾಲಿಗೆ ಮೇಲೆ ಆಗಲೇ ಇದೆ!

ದಂಡಿಗನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೀರಿ ಅನ್ನಿ. ಯಾರೋ "ಬಂತು" ಅಂದ್ರು. ಬಸ್ಸು ಬಂತು ಅಂತ ತಿಳೀತು. "ಬಂದ" ಅಂದರೆ ಗಂಡು. "ಬಂದ್ಲು" ಅಂದರೆ ಹೆಣ್ಣು. "ಬಂದ್ರು" ಅಂದರೆ ಹಲವರು, ಇಲ್ಲವೇ ಹಿರಿಯರು. ಯಾರು ಅಂತ ಬೇರೆ ಹೇಳಬೇಕಿಲ್ಲ. ಮಾತಿನ ಬಾಲವೇ ಹೇಳುತ್ತದೆ.

ಇಂಗ್ಲಿಷಿನಲ್ಲಿ ಈ ಬಾಲ ಇಲ್ಲ. ಯಾರು ಬಂದರೂ "ಕೇಮ್". ಅದಕ್ಕೇ ಅದರ ಮುಂದೆ ಒಂದು ಪದ ಇಡಲೇಬೇಕು.

ಹಿ ಕೇಮ್ – ಅವನು ಬಂದ.
ಶಿ ಕೇಮ್ – ಅವಳು ಬಂದಳು.
ಇಟ್ ಕೇಮ್ – ಅದು ಬಂತು.
ದೇ ಕೇಮ್ – ಅವರು ಬಂದರು. ಹಸುಗಳು ಬಂದರೂ ದೇ!

ನಾನು ಅಂದರೆ ಐ. ನಾವು ಅಂದರೆ ವಿ. ನೀನು, ನೀವು ಎರಡಕ್ಕೂ ಯು. ಮಗುವಿಗೂ ಯು, ತಹಸೀಲ್ದಾರರಿಗೂ ಯು.

ಇಲ್ಲಿ ಎಚ್ಚರ ಬೇಕು. "ಮೇಷ್ಟ್ರು ಬಂದ್ರು" ಅಂತೀವಿ. ಬಂದವರು ಒಬ್ಬರೇ. ಗೌರವಕ್ಕೆ "ಅವರು" ಅಂದೆವು. ಇಂಗ್ಲಿಷಿನಲ್ಲಿ ಅವರಿಗೂ ಹಿ ಅನ್ನಬೇಕು. ದೇ ಅಂದರೆ ನಾಲ್ಕಾರು ಜನ ಬಂದರು ಅಂದುಕೊಂಡಾರು. ಹಿ ಅಂದರೆ ಮೇಷ್ಟ್ರ ಮರ್ಯಾದೆಗೇನೂ ಕಮ್ಮಿ ಆಗಲ್ಲ.

ಇನ್ನೊಂದು ಮಾತು. "ಅವಳು ಟೀಚರ್" ಅಂದರೆ ನಮಗೆ ಸಾಕು. ಇಂಗ್ಲಿಷಿಗೆ ಸಾಲದು. "ಶಿ ಈಸ್ ಎ ಟೀಚರ್" ಅನ್ನಬೇಕು. ಹಿ, ಶಿ, ಇಟ್ – ಇವುಗಳ ಜೊತೆ ಈಸ್. ವಿ, ಯು, ದೇ ಜೊತೆ ಆರ್. ಐ ಜೊತೆ ಮಾತ್ರ ಆಮ್.

ದಿನಾ ನಡೆಯುವ ಕೆಲಸ ಹೇಳುವಾಗ ಇಂಗ್ಲಿಷಿಗೂ ಒಂದು ಚಿಕ್ಕ ಬಾಲ ಬರುತ್ತದೆ. ಐ ಕಮ್, ವಿ ಕಮ್, ದೇ ಕಮ್. ಆದರೆ ಹಿ ಕಮ್ಸ್, ಶಿ ಕಮ್ಸ್, ಇಟ್ ಕಮ್ಸ್.

ಇದೆಲ್ಲ ನಮಗೇಕೆ ಅಂತೀರಾ? ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತರುತ್ತೀರಿ. ಕೈಗೆ ಇಂಗ್ಲಿಷ್ ಕಾಗದ ಕೊಡುತ್ತಾರೆ. ಪೂರಾ ಓದಲು ಬರದಿದ್ದರೂ ಈ ಎರಡು ಪದ ಹುಡುಕಿ. ಹಿ ಪದಕ್ಕೆ ಎರಡು ಅಕ್ಷರ: ಎಚ್, ಇ. ಶಿ ಪದಕ್ಕೆ ಮೂರು: ಎಸ್, ಎಚ್, ಇ. ಹಾವಿನ ಹಾಗೆ ಬಳುಕಿರುವುದೇ ಎಸ್. ಮಗಳ ಕಾಗದದಲ್ಲಿ ಹಿ ಇದ್ದರೆ ಬರೆದವರ ಕೈತಪ್ಪು ಇರಬಹುದು. ಬೇರೆ ಯಾರದೋ ಕಾಗದವೂ ಇರಬಹುದು! ಹೆಸರು, ವಯಸ್ಸು ನೋಡಿಸಿ. ನರ್ಸಮ್ಮನನ್ನು ಕೇಳಿ. ಆಮೇಲೆ ಮಾತ್ರೆ ಕೊಡಿ.

ಅಭ್ಯಾಸ
ಈಸ್, ಆರ್, ಆಮ್ – ಸರಿಯಾದದ್ದನ್ನು ತುಂಬಿ.
ನಾನು ರೈತ: ಐ ____ ಎ ಫಾರ್ಮರ್.
ತೆಂಗಿನ ಮರಗಳು ಎತ್ತರ: ದೇ ____ ಟಾಲ್.
ಶ್ರವಣಬೆಳಗೊಳದ ಗೊಮ್ಮಟ ವಿಗ್ರಹ ಎತ್ತರ: ಇಟ್ ____ ಟಾಲ್.
ನಿಮ್ಮ ಮನೆಯವರ ಬಗ್ಗೆ ಇಂಥ ಎರಡು ವಾಕ್ಯ ಹೇಳಿ.