ಮೇವು ಕಟರ್ ರಿಪೇರಿ: ಹಾಲಿನ ಮಾರ್ಗದಲ್ಲೊಂದು ಉಪ ಉದ್ಯೋಗ



ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದು ತಾವು ಕರೆದಾಗ ನಾನು ಮೊದಲು ನೋಡುವುದು ಗೋದಲಿಯನ್ನು. ಉದ್ದುದ್ದ ಕಣಿಕೆ ಅರ್ಧಕ್ಕರ್ಧ ತುಳಿದು ಬಿದ್ದಿದ್ದರೆ ಕೆಟ್ಟಿರುವುದು ದನವಲ್ಲ, ಯಂತ್ರ. "ಕಟರ್ ಬಂದ್ ಬಿದ್ದು ಹದಿನೈದು ದಿನ ಆತ್ರಿ ಡಾಕ್ಟ್ರ, ಬೇರಿಂಗ್ ತರಾಕ ವಿಜಯಪುರಕ್ಕ ಹೋಗಬೇಕು" ಎಂಬ ಮಾತನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ಸಣ್ಣದೊಂದು ಬೇರಿಂಗಿಗಾಗಿ ಒಂದು ದಿನದ ಕೆಲಸ ಹಾಳು, ಬಸ್ಸಿನ ಖರ್ಚು ಬೇರೆ. ಈ ತೊಂದರೆಯೇ ತಮ್ಮ ಮನೆಯ ಐ.ಟಿ.ಐ. ಓದಿದ ಮಗನಿಗೆ ಅಥವಾ ಊರಿನ ಕಮ್ಮಾರರ ಹುಡುಗನಿಗೆ ಉದ್ಯೋಗವಾಗಬಲ್ಲದು.

ಆದರೆ ಅಂಗಡಿ ತೆರೆದು ಯಂತ್ರ ಕೆಡುವುದನ್ನೇ ಕಾಯುತ್ತ ಕುಳಿತವರು ವರ್ಷದೊಳಗೆ ಬಾಗಿಲು ಹಾಕಿದ್ದನ್ನು ನೋಡಿದ್ದೇನೆ. ಲಾಭವಿರುವುದು ಸರದಿಯ ಮೇಲೆ ಮಾಡುವ ಸರ್ವಿಸಿನಲ್ಲಿ. ಉದಾಹರಣೆಗೆ ಒಂದು ಕಟರ್‌ನ ಬ್ಲೇಡ್ ಸಾಣೆ, ಗ್ರೀಸ್, ಬೆಲ್ಟ್ ತಪಾಸಣೆಗೆ 150 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದೇ ಯಂತ್ರಕ್ಕಾಗಿ 20 ಕಿ.ಮೀ. ಹೋಗಿ ಬಂದರೆ ಪೆಟ್ರೋಲಿಗೆ 100 ಹೋಗಿ ಉಳಿಯುವುದು 50, ಅರ್ಧ ದಿನವೂ ಮುಗಿಯಿತು. ಅದೇ ದಾರಿಯಲ್ಲಿ ಎಂಟು ಯಂತ್ರ ನೋಡಿದರೆ 1,200 ರೂಪಾಯಿ. ಪೆಟ್ರೋಲ್, ಗ್ರೀಸ್, ಸಾಣೆಕಲ್ಲಿನ ಸವಕಳಿ ಎಂದು 250 ಕಳೆದರೂ 950 ಕೈಗೆ ಬರುತ್ತದೆ. ಹಾಲಿನ ವಾಹನ ಓಡಾಡುವ ಮಾರ್ಗವನ್ನೇ ಹಿಡಿಯಿರಿ. ಯಾವ ಊರಿಗೆ ಯಾವ ವಾರ ಎಂದು ಹಾಲಿನ ಸಂಘದ ಫಲಕದ ಮೇಲೆ ಬರೆಸಿರಿ. ಹಾಲಿನ ಬಟವಾಡೆಯ ಮರುದಿನ ಹೋಗುವುದು ಜಾಣತನ, ಉದ್ರಿ ಕಡಿಮೆಯಾಗುತ್ತದೆ. ಉದ್ರಿಯ ಪುಸ್ತಕ ದಪ್ಪವಾದಷ್ಟು ಬೇರಿಂಗ್ ತರುವ ಹಣ ತೆಳ್ಳಗಾಗುತ್ತದೆ.

ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆ ಬಣವೆಗೆ ಬಂದ ಮೇಲೆ, ಮುಂಗಾರಿನವರೆಗೆ ಕಟರ್‌ಗೆ ಬಿಡುವಿಲ್ಲ. ಆದ್ದರಿಂದ ಜನವರಿಯಲ್ಲೇ ಒಂದು ಸುತ್ತು ಮುಗಿಸಿರಿ.

ಬ್ಲೇಡ್ ಸಾಣೆ ಹಿಡಿಯುವುದು ಸುಲಭವೆಂದು ತೋರುತ್ತದೆ, ಬ್ಲೇಡ್ ಹಾಳಾಗುವುದೂ ಅಲ್ಲಿಯೇ. ಇಳಿಜಾರಿರುವ ಒಂದೇ ಬದಿಗೆ ಸಾಣೆ ಕೊಡಬೇಕು. ಗ್ರೈಂಡರ್‌ಗೆ ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಟ್ಟಿತನ ಹೋಯಿತೆಂದೇ ತಿಳಿಯಿರಿ. ನಡುನಡುವೆ ನೀರಿನಲ್ಲಿ ಅದ್ದಿರಿ. ಒಂದು ಯಂತ್ರದ ಬ್ಲೇಡ್‌ಗಳೆಲ್ಲ ಒಂದೇ ತೂಕವಿರಲಿ, ಇಲ್ಲದಿದ್ದರೆ ಗಾಲಿ ನಡುಗಿ ಬೇರಿಂಗ್ ಬೇಗ ಸವೆಯುತ್ತದೆ. ಜೋಡಿಸಿದ ಮೇಲೆ, ಕರೆಂಟ್ ಕೊಡದೆ, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಬಾಯಿಯ ಉಕ್ಕಿನ ಪಟ್ಟಿಯ ಮೇಲೆ ಒಂದು ಕಾಗದ ಇಟ್ಟು ನೋಡಿರಿ. ಕಾಗದ ಹರಿಯದೆ ನೀಟಾಗಿ ಕತ್ತರಿಸಿದರೆ ಅಂತರ ಸರಿಯಾಗಿದೆ. ಬ್ಲೇಡಿನ ಬೋಲ್ಟ್ ಹೋದರೆ ಅದೇ ದರ್ಜೆಯದನ್ನೇ ಹಾಕಬೇಕು. ಸಿಕ್ಕಿದ ಬೋಲ್ಟ್ ಹಾಕಿದರೆ ಬ್ಲೇಡ್ ಕಿತ್ತು ಹಾರೀತು.

ಸಿಂಗಲ್ ಫೇಸ್ ಮೋಟಾರ್ ಗುಂಯ್ ಎಂದು ತಿರುಗದಿದ್ದರೆ ತಕ್ಷಣ ವೈಂಡಿಂಗ್ ಬಿಚ್ಚಬೇಡಿರಿ. ಮೊದಲು ವೋಲ್ಟೇಜ್ ಅಳೆಯಿರಿ, ನಂತರ ಕೆಪ್ಯಾಸಿಟರ್ ನೋಡಿರಿ. ವೋಲ್ಟೇಜ್ ಕಡಿಮೆ ಇರುವಲ್ಲಿ ಹೊಸ ವೈಂಡಿಂಗ್ ಕೂಡ ಸುಡುತ್ತದೆ, ಹೆಸರು ಕೆಡುವುದು ರಿಪೇರಿಯವನದು.

ಮಳೆಗಾಲದಲ್ಲಿ ಕಟರ್ ಕೆಲಸ ಇಳಿದಾಗ ಇಂಡಿ ಕಡೆಯ ಲಿಂಬೆ ತೋಟಗಳಲ್ಲಿ ಹುಲ್ಲು, ಕಳೆ ಸವರುವ ಪೆಟ್ರೋಲ್ ಯಂತ್ರಗಳ ಕೆಲಸ ಸಿಗುತ್ತದೆ. ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಲೇಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ. ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ತಿಂಗಳುಗಟ್ಟಲೆ ಉಳಿದ ಪೆಟ್ರೋಲಿನಿಂದ ಕಾರ್ಬ್ಯುರೇಟರ್ ಕಟ್ಟಿಕೊಂಡಿರುವುದೂ ಸಾಮಾನ್ಯ.

ಹಾಲು ಕರೆಯುವ ಯಂತ್ರದ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಒಂದು ಕೊಟ್ಟಿಗೆಯಲ್ಲಿ ಒಂದೇ ಆಕಳಿಗೆ ಮೂರು ಸಲ ಕೆಚ್ಚಲು ಬಾವಿಗೆ ಚಿಕಿತ್ಸೆ ಕೊಟ್ಟೆ. ನಾಲ್ಕನೇ ಸಲ ಕಪ್ಪಿನೊಳಗಿನ ರಬ್ಬರ್ ಲೈನರ್ ತೆಗೆದು ನೋಡಿದರೆ ಒಳಗೆಲ್ಲ ಬಿರುಕು. ಬಿರುಕಿನಲ್ಲಿ ಹಾಲು ಉಳಿದು ರೋಗಾಣು ಬೆಳೆದು ಮೊಲೆಗೆ ಅಂಟುತ್ತಿತ್ತು. ಅಷ್ಟರಲ್ಲಿ ಆ ಆಕಳ ಒಂದು ಮೊಲೆ ಬತ್ತಿಹೋಗಿತ್ತು. ರಬ್ಬರ್ ಲೈನರ್ ಬಾಳಿಕೆ ಸುಮಾರು 2,500 ಕರೆಯುವಿಕೆ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಬದಲಿಸಿದ ದಿನಾಂಕವನ್ನು ಯಂತ್ರದ ಮೇಲೆ ಬರೆಯಿರಿ. ಪಲ್ಸೇಟರ್ ಸಾಮಾನ್ಯವಾಗಿ ನಿಮಿಷಕ್ಕೆ 60 ಬಡಿತ, ಆಕಳಿಗೆ ವ್ಯಾಕ್ಯೂಮ್ ಒತ್ತಡ 42 ರಿಂದ 50 ಕಿಲೊ ಪಾಸ್ಕಲ್. ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿರಿ.

ಬಂಡವಾಳಕ್ಕೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಒತ್ತೆಯಿಲ್ಲದೆ 50,000 ರೂಪಾಯಿವರೆಗೆ ಸಾಲವಿದೆ. ಕಮ್ಮಾರಿಕೆಯವರು 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಬಹುದು. ಮೊದಲ ವರ್ಷ ದೊಡ್ಡ ಯಂತ್ರೋಪಕರಣ ಬೇಡ. ಗ್ರೈಂಡರ್, ಬೇರಿಂಗ್ ಪುಲ್ಲರ್, ಮಲ್ಟಿಮೀಟರ್, ಸ್ಪ್ಯಾನರ್ ಸೆಟ್ ಸಾಕು. ಉಳಿದ ಹಣ ತಮ್ಮ ಮಾರ್ಗದಲ್ಲಿ ಹೆಚ್ಚು ಓಡುವ ಯಂತ್ರಗಳ ಬೇರಿಂಗ್, ಬೆಲ್ಟ್, ಕೆಪ್ಯಾಸಿಟರ್ ಮತ್ತು ಲೈನರ್‌ಗಳ ದಾಸ್ತಾನಿಗೆ ಇರಲಿ.

ಇನ್ನೊಂದು ಮಾತು. "ಮೇವು ಸಿಕ್ಕೊಂತದ, ಆ ಕವಚ ತೆಗೆದು ಬಿಡಪಾ" ಎಂದು ಹಿರಿಯರೇ ಹೇಳಿಯಾರು. ತೆಗೆಯಬೇಡಿರಿ. ಕವಚವಿಲ್ಲದ ಯಂತ್ರ ಬಂದರೆ ತಗಡಿನದಾದರೂ ಒಂದನ್ನು ಗಟ್ಟಿಯಾಗಿ ಕೂಡಿಸಿಯೇ ಮರಳಿ ಕೊಡಿರಿ, ಅದರ ಕೂಲಿಯನ್ನು ಬಿಲ್ಲಿನಲ್ಲಿ ಹಿಡಿಯಿರಿ.