ರಾತ್ರಿ ಶಾಲೆ ಕಲಿಸಿದ ಏಳು ಪಾಠಗಳು

ಮುಂಬಯಿಯ ಕನ್ನಡ ಮಾಧ್ಯಮ ರಾತ್ರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಲೇ ನನ್ನ ವೃತ್ತಿಜೀವನ ಕಳೆಯಿತು. ನನ್ನ ವಿದ್ಯಾರ್ಥಿಗಳು ಹಗಲೆಲ್ಲ ಹೋಟೆಲು, ಕ್ಯಾಂಟೀನು, ಆಫೀಸುಗಳಲ್ಲಿ ದುಡಿದು ಸಂಜೆ ಆರೂವರೆಗೆ ಬೆಂಚಿಗೆ ಬರುತ್ತಿದ್ದವರು. ಹೆಚ್ಚಿನವರು ಅವಿಭಜಿತ ದಕ್ಷಿಣ ಕನ್ನಡದ ಕಡೆಯವರು. 1902ರಲ್ಲಿ ಆರಂಭವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1932ರ ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ಈ ಊರಿನಲ್ಲಿ ರಾತ್ರಿ ಶಾಲೆ ನಡೆಸಿದ್ದೇ ಇಂಥವರಿಗಾಗಿ. ಹೀಗೆ ಓದಿದವರಲ್ಲಿ ಕೆಲವರು ಬ್ಯಾಂಕು ಸೇರಿದರು, ಕೆಲವರು ಕರಿ ಕೋಟು ತೊಟ್ಟರು, ಕೆಲವರು ಸ್ವಂತ ಹೋಟೆಲು ಹಾಕಿದರು. ನಡುದಾರಿಯಲ್ಲೇ ಬಿಟ್ಟವರೂ ಬಹಳ. ಗುರಿ ಮುಟ್ಟಿದವರು ಬಿಟ್ಟವರಿಗಿಂತ ಬುದ್ಧಿವಂತರೆಂದು ನನಗೆ ಎಂದೂ ಅನಿಸಲಿಲ್ಲ. ಗುರಿಯನ್ನು ಇಟ್ಟುಕೊಂಡ ಬಗೆಯಲ್ಲೇ ಅವರು ಬೇರೆಯಾಗುತ್ತಿದ್ದರು. ಅದನ್ನು ನೋಡಿ ನಾನು ಕಲಿತದ್ದು ಇಷ್ಟು.

1. ಗುರಿಗೆ ಮೊದಲು ಗಂಟೆ ಹುಡುಕಿ

ಜೂನ್‌ನಲ್ಲಿ ಹೆಸರು ಹಚ್ಚಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು, ‘ಓದುವುದು ಯಾವಾಗ?’ ಎಂದು. ‘ಟೈಮ್ ಸಿಕ್ಕಾಗ ಸರ್’ ಎಂದವರು ಗಣಪತಿ ಹಬ್ಬದ ಹೊತ್ತಿಗೆ ಕಾಣೆಯಾಗುತ್ತಿದ್ದರು. ‘ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಾ ಶುರುವಾಗುವ ಮುಂಚೆ’ ಎಂದವರು ಉಳಿಯುತ್ತಿದ್ದರು. ಈ ಊರಿನಲ್ಲಿ ಹೊತ್ತು ತಾನಾಗಿ ಯಾರಿಗೂ ಸಿಗುವುದಿಲ್ಲ. ವಿರಾರಿನಿಂದಲೋ ಡೊಂಬಿವಲಿಯಿಂದಲೋ ಲೋಕಲಿನಲ್ಲಿ ಬಂದು ಹೋಗುವವರಿಗೆ ಅದನ್ನು ಬೇರೆ ಹೇಳಬೇಕಿಲ್ಲ. ದಿನದ ಯಾವ ಮುಕ್ಕಾಲು ಗಂಟೆ ನಿಮ್ಮದು ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ನಿಮ್ಮಲ್ಲಿರುವುದು ಆಸೆ ಮಾತ್ರ.

2. ‘ದೊಡ್ಡವನಾಗಬೇಕು’ ಎಂಬುದನ್ನು ಚಿಕ್ಕದು ಮಾಡಿ

ಎಸ್‌ಎಸ್‌ಸಿಯಲ್ಲಿ ಪಾಸಾಗಲು ನೂರಕ್ಕೆ 35 ಬೇಕು. ಗಣಿತವೆಂದರೆ ಬೆವರುವ ಹುಡುಗನಿಗೆ ನಾನು ಆ ಅಂಕೆಯಿಂದಲೇ ಪಾಠ ಶುರು ಮಾಡುತ್ತಿದ್ದೆ: ಈ 35 ಎಲ್ಲೆಲ್ಲಿಂದ ಬರುತ್ತದೆ? ಒಬ್ಬ ಸಪ್ಲಾಯರ್ ಹುಡುಗ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಪಟ್ಟಿ ಮಾಡಿದ್ದ. ಸೋಮವಾರ ಸಮೀಕರಣ, ಮಂಗಳವಾರ ಶ್ರೇಢಿ, ಬುಧವಾರ ಪೈಥಾಗೊರಸನ ಪ್ರಮೇಯ, ಹೀಗೆ. ಪ್ರತಿಯೊಂದರ ಎದುರು ಅದರಿಂದ ಎಷ್ಟು ಅಂಕ ಬರಬಹುದೆಂಬ ಅಂದಾಜು. ಚಟ್ನಿಯ ಕಲೆಯಾದ ಆ ಹಾಳೆ ಅವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಒಂದು ಅಧ್ಯಾಯ ಕೈಗೆ ಹತ್ತಿದರೆ ಅದರ ಮೇಲೆ ಗೀಟು. ‘ಇನ್ನು ಎಷ್ಟು ಬಾಕಿ?’ ಎಂದು ಯಾವಾಗ ಕೇಳಿದರೂ ಅವನ ಬಳಿ ಉತ್ತರವಿತ್ತು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಗುರಿಯನ್ನೇ ಇಟ್ಟುಕೊಳ್ಳಿ.

3. ಯಾರ ಗುರಿ ಎಂದು ಕೇಳಿಕೊಳ್ಳಿ

ಮಾವ ಸೇರಿಸಿದ ಎಂದು ಬಂದವರಿದ್ದರು, ರೂಮಿನವರೆಲ್ಲ ಬರುತ್ತಾರೆಂದು ಬಂದವರಿದ್ದರು. ತನ್ನದೇ ಒಂದು ಕಾರಣ ಹಿಡಿದುಕೊಂಡು ಬಂದವರೂ ಇದ್ದರು. ಆ ಕಾರಣ ದೊಡ್ಡದಾಗಿರಬೇಕೆಂದಿಲ್ಲ. ಮೋರಿಯಲ್ಲಿ ಪ್ಲೇಟು ತೊಳೆಯುತ್ತಿದ್ದ ಒಬ್ಬನಿಗೆ ಗಲ್ಲೆಯಲ್ಲಿ ಕೂರಬೇಕಿತ್ತು. ಅದಕ್ಕೆ ಲೆಕ್ಕ ಬರಬೇಕು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರಬೇಕು. ಅಷ್ಟೇ ಅವನ ಲೋಕ. ಡಬಲ್ ಡ್ಯೂಟಿ ಬಿದ್ದ ದಿನವೂ ಅವನು ತರಗತಿ ತಪ್ಪಿಸಲಿಲ್ಲ. ಇನ್ನೊಬ್ಬರ ಒತ್ತಾಯದ ಗುರಿ ಮೊದಲ ಸುಸ್ತಿಗೇ ಬಿದ್ದುಹೋಗುತ್ತದೆ. ನಿಮ್ಮ ಕಾರಣ ನಾಲ್ಕು ಜನರ ಮುಂದೆ ಹೇಳಲು ಸಣ್ಣದೆನಿಸಿದರೂ ಪರವಾಗಿಲ್ಲ, ಅದು ನಿಮ್ಮದಾಗಿರಲಿ.

4. ಊರಿಗೆಲ್ಲ ಸಾರಬೇಡಿ, ಬೇಕಾದವರಿಗೆ ಹೇಳಿ

ಸಂಜೆ ಆರೂವರೆ ಎಂದರೆ ಹೋಟೆಲಿನಲ್ಲಿ ಗಿರಾಕಿಗಳ ಹೊತ್ತು. ‘ಧಣಿಗಳು ಬಿಡೂದಿಲ್ಲ ಸರ್’ ಎನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ನಿಜವಾಗಿ ಬಿಡದವರೂ ಇದ್ದರು. ಆದರೆ ಎಷ್ಟೋ ಹುಡುಗರು ಧಣಿಗಳನ್ನು ಕೇಳಿಯೇ ಇರುತ್ತಿರಲಿಲ್ಲ. ಕೇಳುವುದಕ್ಕೂ ಒಂದು ಕ್ರಮವಿದೆ. ‘ಸಂಜೆ ಬಿಡಿ’ ಎಂದರೆ ಕೆಲಸ ಬಿಡುವ ಮಾತಿನ ಹಾಗೆ ಕೇಳುತ್ತದೆ. ‘ಬೆಳಿಗ್ಗೆ ಐದಕ್ಕೆ ಬಾಗಿಲು ನಾನೇ ತೆಗೀತೇನೆ, ಸಂಜೆ ಮೂರು ಗಂಟೆ ಹೊತ್ತು ಬಿಟ್ಟುಕೊಡಿ’ ಎಂದರೆ ಅದು ವ್ಯವಹಾರ. ಧಣಿಗಳಲ್ಲಿ ಹಲವರು ತಾವೇ ರಾತ್ರಿ ಶಾಲೆಯ ಮೆಟ್ಟಿಲು ಹತ್ತಿದವರು, ಅವರಿಗೆ ಇದು ಅರ್ಥವಾಗುತ್ತಿತ್ತು. ನಿಮ್ಮ ಗುರಿ ಯಾರ ಒಪ್ಪಿಗೆಯಿಲ್ಲದೆ ನಡೆಯದೋ ಅವರೊಂದಿಗೆ ಮೊದಲು ಮಾತಾಡಿ, ಅದು ಮೇಲಧಿಕಾರಿಯಿರಲಿ, ಹೆಂಡತಿಯಿರಲಿ, ಗಂಡನಿರಲಿ. ಉಳಿದವರಿಗೆ ಫಲಿತಾಂಶ ಬಂದ ಮೇಲೆ ಪೇಡೆ ಹಂಚಿದರೆ ಸಾಕು.

5. ಗೆದ್ದದ್ದನ್ನು ಉಳಿಸಿಕೊಳ್ಳಿ, ಸೋತದ್ದನ್ನು ಮಾತ್ರ ಮತ್ತೆ ಕಟ್ಟಿ

ಮಾರ್ಚ್ ತಪ್ಪಿದರೆ ಅಕ್ಟೋಬರ್ ಎಂಬುದು ನಮ್ಮ ಕಾಲದ ಮಾತು. ಈಗ ಪೂರಕ ಪರೀಕ್ಷೆ ಮಳೆಗಾಲದಲ್ಲೇ ಆಗಿಹೋಗುತ್ತದೆ. ಎರಡು ವಿಷಯ ಹೋಯಿತೆಂದು ಪುಸ್ತಕವನ್ನೇ ರದ್ದಿಗೆ ಹಾಕಿದವರನ್ನು ಕಂಡಿದ್ದೇನೆ. ಅವರಿಗೆ ನಾನು ಅಂಕಪಟ್ಟಿ ತೆಗೆದು ತೋರಿಸುತ್ತಿದ್ದೆ: ಪಾಸಾದ ವಿಷಯ ಪಾಸೇ, ಅದನ್ನು ಮತ್ತೆ ಬರೆಯಬೇಕಿಲ್ಲ. ಒಂದೆರಡು ವಿಷಯ ಉಳಿದವರಿಗೆ ಎಟಿಕೆಟಿ ಎಂಬ ವ್ಯವಸ್ಥೆಯಲ್ಲಿ ಹನ್ನೊಂದನೆಯ ತರಗತಿಗೆ ದಾರಿಯನ್ನೂ ಮಹಾರಾಷ್ಟ್ರ ಬೋರ್ಡು ಮಾಡಿಕೊಟ್ಟಿದೆ. ನಾವು ಮಾತ್ರ ನಮ್ಮ ಸ್ವಂತ ಗುರಿಗಳ ವಿಷಯದಲ್ಲಿ ಬೋರ್ಡಿಗಿಂತ ಕಠಿಣರು. ಒಂದು ವಾರ ವಾಕಿಂಗ್ ತಪ್ಪಿದರೆ ವರ್ಷದ ಸಂಕಲ್ಪವೇ ಮುಗಿಯಿತು ಎನ್ನುತ್ತೇವೆ. ಎಲ್ಲಿ ನಿಂತಿತೋ ಅಲ್ಲಿಂದ ಹಿಡಿಯುವುದನ್ನು ಕಲಿಯಿರಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ಮೇ ತಿಂಗಳಲ್ಲಿ ಊರಿಗೆ ಹೋದವರು, ಮದುವೆ, ಕೋಲ, ನೇಮ ಎಂದು ಅಲ್ಲೇ ಉಳಿದು ಶಾಲೆಯನ್ನು ಮರೆಯುತ್ತಿದ್ದರು. ಹೋಗುವಾಗಲೇ ಹಿಂದಿರುಗುವ ಟಿಕೆಟು ಕೈಯಲ್ಲಿದ್ದವರು ಜೂನ್‌ನಲ್ಲಿ ಬೆಂಚಿಗೆ ಬರುತ್ತಿದ್ದರು. ಬಿಡುವು ತೆಗೆದುಕೊಳ್ಳಿ, ಮರಳುವ ತಾರೀಖು ಗೊತ್ತುಮಾಡಿ ತೆಗೆದುಕೊಳ್ಳಿ.

6. ಹೊಟ್ಟೆಪಾಡನ್ನು ಗುರಿಯ ಶತ್ರು ಮಾಡಬೇಡಿ

ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಪಾಲಿಮರ್ ರಸಾಯನದ ಕೆಲಸ ಮಾಡುತ್ತಲೇ ಕನ್ನಡದ ದೊಡ್ಡ ಕತೆಗಾರರಾದರು. ಅವರ 1979ರ ಕಾದಂಬರಿ ‘ಶಿಕಾರಿ’ಯಲ್ಲಿ ಬರುವುದು ಇದೇ ನಗರದ ಕಂಪನಿ ಜಗತ್ತು, ಅಲ್ಲಿನ ಒಳಸಂಚು, ಭಯ. ನೌಕರಿ ಅವರ ಬರವಣಿಗೆಗೆ ಸರಕನ್ನೂ ಕೊಟ್ಟಿತು. ನಮ್ಮ ಹುಡುಗರಲ್ಲೂ ಶೇಕಡಾವಾರು ಲೆಕ್ಕ ಬೇಗ ಹತ್ತಿದ್ದು ಬಿಲ್ ಮಾಡುವವರಿಗೆ, ಮರಾಠಿ ಬೇಗ ಬಂದದ್ದು ತರಕಾರಿ ತರಲು ಮಂಡಿಗೆ ಹೋಗುತ್ತಿದ್ದವರಿಗೆ. ನಿಮ್ಮ ಈಗಿನ ಕೆಲಸ ಗುರಿಗೆ ಏನು ಕೊಡಬಲ್ಲದು ಎಂದು ಒಮ್ಮೆ ನೋಡಿ. ರಾಜೀನಾಮೆಯ ಮಾತು ಆಮೇಲೆ.

7. ಗುರಿ ಬದಲಾದರೆ ನಾಚಬೇಡಿ

ಶಾಲೆ ಬಿಟ್ಟವರೆಲ್ಲ ಸೋತವರಲ್ಲ. ಬಾಲ್ಯದಲ್ಲೇ ಮುಂಬಯಿಗೆ ಬಂದು ಅಡುಗೆಮನೆಯ ಸಣ್ಣ ಕೆಲಸದಿಂದ ಶುರು ಮಾಡಿದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅಲ್ಲಿ ಇಂದಿಗೂ ಜನ ಊಟಕ್ಕೆ ಸಾಲು ನಿಲ್ಲುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು ಒಲೆಯ ಮುಂದೆ ನಿಂತ ನನ್ನ ವಿದ್ಯಾರ್ಥಿಯೊಬ್ಬ ಈಗ ಹತ್ತಾರು ಜನರಿಗೆ ಸಂಬಳ ಕೊಡುತ್ತಾನೆ. ನೋಡಬೇಕಾದದ್ದು ಇಷ್ಟೇ: ಗುರಿಯನ್ನು ಬಿಟ್ಟದ್ದು ಇನ್ನೊಂದು ಕೆಲಸ ಕೈಬೀಸಿ ಕರೆದದ್ದರಿಂದಲೋ, ಇದು ಕಷ್ಟವಾದದ್ದರಿಂದಲೋ? ಮೊದಲನೆಯದಾದರೆ ಧೈರ್ಯವಾಗಿ ಬದಲಿಸಿ. ಎರಡನೆಯದಾದರೆ ಇನ್ನೊಂದು ಪರೀಕ್ಷೆ ಕಟ್ಟಿ ನೋಡಿ.

ಇದನ್ನೆಲ್ಲ ಒಬ್ಬರೇ ಮಾಡಿದವರನ್ನು ನಾನು ಕಂಡಿಲ್ಲ. ಹಗಲು ನೌಕರಿ ಮುಗಿಸಿ ಕಲಿಸಲು ಬರುತ್ತಿದ್ದ ಶಿಕ್ಷಕರಿದ್ದರು, ಫೀಸು ಕಟ್ಟುತ್ತಿದ್ದ ಸಂಘಗಳಿದ್ದವು. ಬ್ಯಾಂಕಿನ ಬಾಗಿಲಿಗೆ ಹೋಗಲು ಅಂಜುತ್ತಿದ್ದವರಿಗಾಗಿ ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು. ಈಗ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಹುಡುಗರು ಹೆಚ್ಚಾಗಿ ಬೇರೆ ರಾಜ್ಯಗಳವರು, ಕನ್ನಡ ಬೆಂಚುಗಳು ಖಾಲಿಯಾಗಿವೆ. ಆದರೂ ನಿಮ್ಮ ಅಂಗಡಿಯಲ್ಲಿ, ಕಟ್ಟಡದಲ್ಲಿ ಓದು ಬಿಟ್ಟ ಹುಡುಗನೋ ಹುಡುಗಿಯೋ ಇದ್ದರೆ ಸಂಜೆ ಮೂರು ಗಂಟೆ ಹೊತ್ತು ಬಿಟ್ಟುಕೊಡಿ, ಹತ್ತಿರದ ರಾತ್ರಿ ಶಾಲೆಯ ವಿಳಾಸ ಹೇಳಿ. ಪ್ರವೇಶ ಜೂನ್‌ನಲ್ಲಿ ಶುರುವಾಗುತ್ತದೆ.