‘ಅಕಾರ್ಡಿಂಗ್ ಟು’: ಮಾತು ಯಾರದು, ಹೊಣೆ ಯಾರದು?



ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮೊದಲನೆಯ ಸಂದರ್ಶನಕ್ಕೆ ಹೋಗಿದ್ದಾಗ, ಪ್ರತಿಯೊಂದು ಉತ್ತರವನ್ನೂ ‘ಅಕಾರ್ಡಿಂಗ್ ಟು ಮಿ’ ಎಂದೇ ಆರಂಭಿಸಿದೆನು. ಮೂರನೆಯ ಸಲ ಪರೀಕ್ಷಕರು ಮುಗುಳ್ನಕ್ಕರು. ಉತ್ತರವೇನೋ ತಿಳಿದಿತ್ತು, ನಗೆಯ ಕಾರಣ ತಿಳಿಯದೆ ಧೈರ್ಯ ಕುಂದಿತು. ಆ ಕಾರಣವನ್ನು ನಿಮಗೆ ಮುಂಚಿತವಾಗಿಯೇ ತಿಳಿಸುವುದು ಈ ಪಾಠದ ಉದ್ದೇಶ.

‘ಅಕಾರ್ಡ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ‘ಕೋರ್’ ಎಂದರೆ ಹೃದಯ. ಹೃದಯಕ್ಕೆ ಹೃದಯ ಹೊಂದುವುದೇ ‘ಅಕಾರ್ಡ್’, ಅಂದರೆ ಒಮ್ಮತ. ಹೊಂದಿಕೆಗೆ ಇಬ್ಬರು ಬೇಕೆಂಬುದನ್ನು ನೆನಪಿನಲ್ಲಿಡಿರಿ. ಇಂದು ‘ಅಕಾರ್ಡಿಂಗ್ ಟು’ ಎಂಬುದಕ್ಕೆ ಎರಡು ಮುಖ್ಯ ಪ್ರಯೋಗಗಳಿವೆ.

1. ಅನುಸಾರ ಎಂಬ ಅರ್ಥ: ‘ಅಕಾರ್ಡಿಂಗ್ ಟು ದಿ ರೂಲ್ಸ್’ ಎಂದರೆ ನಿಯಮಾನುಸಾರವಾಗಿ, ‘ಅಕಾರ್ಡಿಂಗ್ ಟು ದಿ ಟೈಮ್‌ಟೇಬಲ್’ ಎಂದರೆ ವೇಳಾಪಟ್ಟಿಯಂತೆ.

2. ಆಧಾರವನ್ನು ತಿಳಿಸುವುದು: ‘ಅಕಾರ್ಡಿಂಗ್ ಟು ದಿ ನ್ಯೂಸ್‌ಪೇಪರ್, ದಿ ಬ್ರಿಡ್ಜ್ ಈಸ್ ಕ್ಲೋಸ್ಡ್.’ ಸೇತುವೆ ಮುಚ್ಚಿದೆಯೆಂದು ಹೇಳಿದ್ದು ಪತ್ರಿಕೆ. ಆಡುವವನು ಕಣ್ಣಾರೆ ಕಂಡಿಲ್ಲ. ಸತ್ಯಾಸತ್ಯದ ಹೊಣೆ ಪತ್ರಿಕೆಯದು. ಅಂತೆಯೇ, 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ನೋಡಿ ಒಂದು ಪದದ ಅರ್ಥವನ್ನು ಬರೆದರೆ ‘ಅಕಾರ್ಡಿಂಗ್ ಟು ಕಿಟ್ಟೆಲ್’ ಎನ್ನುವುದು ಸರಿಯಾದ ಕ್ರಮ.

ಈ ಎರಡನೆಯ ಪ್ರಯೋಗದಲ್ಲಿ ಆಧಾರವು ಅನ್ಯರದಾಗಿರಬೇಕು. ತನ್ನ ಮಾತಿಗೆ ತನ್ನನ್ನೇ ಸಾಕ್ಷಿಯಾಗಿ ಕರೆದಂತೆ ಕೇಳಿಸುವುದರಿಂದ ‘ಅಕಾರ್ಡಿಂಗ್ ಟು ಮಿ’ ಸಾಧುವಲ್ಲ. ನಮ್ಮಲ್ಲಿ ಈ ತಪ್ಪು ಹುಟ್ಟಿದ್ದು ಹೇಗೆ? ಕನ್ನಡದಲ್ಲಿ ‘ಪತ್ರಿಕೆಯ ಪ್ರಕಾರ’ ಎನ್ನುತ್ತೇವೆ, ‘ನನ್ನ ಪ್ರಕಾರ’ ಎಂದೂ ಹೇಳುತ್ತೇವೆ. ಕನ್ನಡಕ್ಕೆ ಎರಡೂ ಒಪ್ಪುತ್ತವೆ. ಇಂಗ್ಲಿಷಿಗೆ ಮೊದಲನೆಯದು ಮಾತ್ರ ಒಪ್ಪುತ್ತದೆ. ತಪ್ಪು ಕನ್ನಡದ್ದಲ್ಲ, ಪದಕ್ಕೆ ಪದವಿಟ್ಟು ಭಾಷಾಂತರಿಸುವ ಅಭ್ಯಾಸದ್ದು.

ಹಾಗಾದರೆ ಏನು ಹೇಳಬೇಕು? ವಿಚಾರಮಾಡಿ ತಳೆದ ಅಭಿಪ್ರಾಯವಾದರೆ ‘ಇನ್ ಮೈ ಒಪೀನಿಯನ್’. ಸರಳವಾಗಿ ಹೇಳುವುದಾದರೆ ‘ಐ ಥಿಂಕ್’. ವಿಷಯವು ಪೂರ್ಣ ಖಚಿತವಿಲ್ಲದಿದ್ದರೆ ‘ಆಸ್ ಫಾರ್ ಆಸ್ ಐ ನೋ’, ಅಂದರೆ ನನಗೆ ತಿಳಿದ ಮಟ್ಟಿಗೆ. ‘ಅಕಾರ್ಡಿಂಗ್ ಟು ಮೈ ಒಪೀನಿಯನ್’ ಎಂದು ಎರಡನ್ನೂ ಬೆರೆಸಕೂಡದು. ಚಂದ್ರಗಿರಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ ಎಂಬಂತಹ ನಿಶ್ಚಿತ ಸಂಗತಿಗೆ ಯಾವ ಪೀಠಿಕೆಯೂ ಬೇಡ.

ಅಭ್ಯಾಸ: ಕೆಳಗಿನ ವಾಕ್ಯಗಳಿಗೆ ತಕ್ಕ ಆರಂಭವನ್ನು ಬರೆಯಿರಿ.
(ಅ) ವೈದ್ಯರು ಹೇಳಿದಂತೆ ಅಜ್ಜಿಗೆ ವಿಶ್ರಾಂತಿ ಬೇಕು.
(ಆ) ನನ್ನ ಅಭಿಪ್ರಾಯದಲ್ಲಿ ಈ ಕಥೆ ಉತ್ತಮವಾಗಿದೆ.
(ಇ) ನನಗೆ ತಿಳಿದ ಮಟ್ಟಿಗೆ ನಾಳೆ ರಜೆಯಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳು ಏನನ್ನಾದರೂ ಹೇಳಿದಾಗ ‘ಇದನ್ನು ಯಾರು ಹೇಳಿದರು? ನೀನೇ ಕಂಡೆಯಾ?’ ಎಂದು ಕನ್ನಡದಲ್ಲಿಯೇ ವಿಚಾರಿಸಿರಿ. ಕೇಳಿದ್ದು, ಕಂಡದ್ದು, ಊಹಿಸಿದ್ದು ಎಂಬ ವಿವೇಕವು ಮನೆಮಾತಿನಲ್ಲಿ ನೆಲೆಗೊಂಡರೆ, ಇಂಗ್ಲಿಷಿನ ಪ್ರಯೋಗವು ತಾನಾಗಿ ತಿದ್ದಿಕೊಳ್ಳುವುದು. ಆಗ ನಮ್ಮ ಮಕ್ಕಳು ಯಾವ ಪರೀಕ್ಷಕರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.